ಟೈಲರ್ ಅಲ್ಲದ ಎಂಟು ಆದಿತ್ಯವಾರ

ಸಿದ್ಧಕಟ್ಟೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ರವಿಕೆ ಹೊಲಿಯುತ್ತಿರುವವಳು ನಾನು. ಊರಿನ ಅರ್ಧ ಹೆಂಗಸರ ಅಳತೆ ನನ್ನ ಪುಸ್ತಕದಲ್ಲಿದೆ. ಯಾರು ಯಾವ ವರ್ಷ ದಪ್ಪವಾದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅಂಥ ನನ್ನ ಎದುರು ಅಣ್ಣನ ಮಗಳು, ನನ್ನ ಸೋದರಸೊಸೆ, ಕುಳಿತು, ಮದುವೆಯ ಸೀರೆಯನ್ನು ಮೇಜಿನ ಮೇಲೆ ಹರಡಿ, "ಅತ್ತೆ, ರವಿಕೆಯ ತೋಳಿಗೆ ಆರಿ ವರ್ಕ್ ಬೇಕು. ನಿಮಗೆ ಬರ್ತದಾ? ಇಲ್ಲದಿದ್ದರೆ ಮಂಗಳೂರಿನಲ್ಲಿ ಕೊಡ್ತೇನೆ" ಅಂದಳು.

ಅಂಗಡಿಯಲ್ಲಿ ಆಗ ಇಬ್ಬರು ಗಿರಾಕಿಗಳಿದ್ದರು. ಇಲ್ಲದಿದ್ದರೆ ಬಹುಶಃ ನಿಜ ಹೇಳುತ್ತಿದ್ದೆ.

"ಬರ್ತದಾ ಅಂತ ಕೇಳ್ತೀಯಲ್ಲ, ನಾಚಿಕೆ ಆಗುವುದಿಲ್ವಾ ನಿನಗೆ? ಇಟ್ಟು ಹೋಗು" ಅಂದೆ.

ಅವಳು ಇಟ್ಟು ಹೋದಳು. ಆರಿ ಎಂದರೆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ತುದಿಯಲ್ಲಿ ಕೊಕ್ಕೆಯಿರುವ ಸೂಜಿಯಿಂದ ಸರಪಳಿಯಂತೆ ನೂಲು ಎಳೆಯುವ ಕೆಲಸ ಎಂದು ಕೇಳಿದ್ದೆ, ಅಷ್ಟೇ. ಆ ಸೂಜಿಯನ್ನು ಕೈಯಲ್ಲಿ ಹಿಡಿದವಳೂ ಅಲ್ಲ. ರವಿಕೆಯ ಬಟ್ಟೆ ಸೀರೆಯ ಜೊತೆಗೇ ನೇಯ್ದು ಬಂದದ್ದು. ಹಾಳಾದರೆ ಅದೇ ಬಣ್ಣದ ಇನ್ನೊಂದು ತುಂಡು ಲೋಕದಲ್ಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ, ಬೆಳಿಗ್ಗೆ ತಿಂಡಿಯೂ ಸೇರಲಿಲ್ಲ.

ಅಷ್ಟರಲ್ಲಿ ಮೂಡುಬಿದಿರೆಯಲ್ಲಿ ಒಂದು ಹಳೆಯ ಜೈನ ದೊಡ್ಡಮನೆಯ, ಬೀಡು ಎನ್ನುತ್ತೇವೆ, ಅದರ ಚಾವಡಿಯಲ್ಲಿ ಎಂಟು ಆದಿತ್ಯವಾರ ಕಸೂತಿ ಶಿಬಿರ ಇದೆಯೆಂದು ವಾಟ್ಸ್ಆ್ಯಪಿನಲ್ಲಿ ಬಂತು. 'ಗೃಹಿಣಿಯರಿಗಾಗಿ' ಎಂದು ಬರೆದಿತ್ತು. ನಾನು ಗೃಹಿಣಿಯಾದೆ. ಗಿರಾಕಿಗಳಿಗೆ ಮೊಣಕಾಲಿಗೆ ಎಣ್ಣೆ ಹಾಕಿಸಲು ಹೋಗುತ್ತೇನೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಇಪ್ಪತ್ತಾರು ವರ್ಷದ ಟೈಲರ್ ಕ್ಲಾಸಿಗೆ ಹೋಗುತ್ತಾಳೆ ಎಂದು ಗೊತ್ತಾದರೆ ನಾಳೆ ಯಾರು ನನ್ನ ಕೈಗೆ ಬಟ್ಟೆ ಕೊಡುತ್ತಾರೆ?

ಕಲಿಸಲು ಬರುತ್ತಿದ್ದವಳು ಬೆಂಗಳೂರಿನ ಹುಡುಗಿ, ಹೆಚ್ಚೆಂದರೆ ಇಪ್ಪತ್ನಾಲ್ಕು ವರ್ಷ. ಅವಳಿಗೆ ಕಸೂತಿಗಿಂತ ಕಂಬಗಳ ಮೇಲೆ ಪ್ರೀತಿ. ಪಾಠದ ಮಧ್ಯೆ ಎದ್ದು ಹೋಗಿ ಚಾವಡಿಯ ಕೆತ್ತನೆಯ ಕಂಬ ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಮನೆಯ ಹಿರಿಯಮ್ಮ ಉಯ್ಯಾಲೆಯಲ್ಲಿ ಕೂತು ಅದನ್ನೆಲ್ಲ ನೋಡುತ್ತಿದ್ದರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆ ಅದು, ನಮಗೂ ಅದೇ ಕಾನೂನು. ಸಂಜೆ ಐದು ದಾಟಿದರೆ ಸಾಕು, "ಸೂಜಿ ಕೆಳಗಿಡಿ, ಅನ್ನ ಆಗ್ತಾ ಉಂಟು" ಎಂದು ಗದರುತ್ತಿದ್ದರು. ನಾಲ್ಕು ಹೊಲಿಗೆ ಬಾಕಿ ಇದ್ದರೂ ಏಳಲೇಬೇಕು.

ಮೊದಲ ಮೂರು ವಾರ ಹತ್ತಿಬಟ್ಟೆಯಲ್ಲಿ ಅಭ್ಯಾಸ. ನನ್ನ ಪಕ್ಕದ ಚೌಕಟ್ಟಿನಲ್ಲಿ ಮಾಣಿ ಎಂಬ ಊರಿನಿಂದ ಬರುತ್ತಿದ್ದ ಬ್ಯಾರಿ ಮುಸ್ಲಿಂ ಹೆಂಗಸು. ಮಾತು ಕಡಿಮೆ, ಕೈ ಚುರುಕು. ನನ್ನ ನೂಲು ಐದು ನಿಮಿಷಕ್ಕೊಮ್ಮೆ ತುಂಡಾಗುತ್ತಿತ್ತು. ಹುಡುಗಿ ಬಂದು, "ಆಂಟಿ, ಟೆನ್ಷನ್ ಮಾಡ್ಕೋಬೇಡಿ, ಸೂಜಿ ಹಿಡಿದು ಅಭ್ಯಾಸ ಇಲ್ಲ ಅಲ್ವಾ" ಎಂದಳು. ಅಭ್ಯಾಸ ಇಲ್ಲವಂತೆ! ಅವಳು ಹುಟ್ಟುವ ಮೊದಲು ಸೂಜಿ ಹಿಡಿದವಳು ನಾನು. ಆದರೆ ಗೃಹಿಣಿ ತಾನೇ, ಹಲ್ಲು ಕಚ್ಚಿ ನಕ್ಕೆ.

ನಾಲ್ಕನೆಯ ವಾರ ಸ್ವಂತ ಬಟ್ಟೆ ತರಲು ಹೇಳಿದಳು. ಮದುವೆಯ ರೇಷ್ಮೆ ತಂದೆ. ಚಾಕ್ ತೆಗೆದುಕೊಂಡು ಸಾಲಾಗಿ ಮಾವಿನಕಾಯಿ ಬಿಡಿಸಿ, ಚೌಕಟ್ಟಿಗೆ ಬಿಗಿದೆ. ಅವಳು ನೋಡಲು ಬಂದರೆ, "ನೀನು ಬೇರೆಯವರನ್ನು ನೋಡು, ನಾನು ಮಾಡ್ತೇನೆ" ಎಂದು ಓಡಿಸಿದೆ. ಎರಡು ಆದಿತ್ಯವಾರ ತಲೆ ಎತ್ತಲಿಲ್ಲ. ಎರಡೂ ತೋಳಿಗೆ ಹದಿನಾಲ್ಕು ಮಾವಿನಕಾಯಿ, ಒಂದೊಂದೂ ಕಚ್ಚಿ ತಿನ್ನುವ ಹಾಗೆ ಬಂತು. ಐದನೆಯ ವಾರದ ಸಂಜೆ ಚೌಕಟ್ಟನ್ನು ಎತ್ತಿ ಎಲ್ಲರಿಗೂ ತೋರಿಸಿದೆ, ಅಹಂಕಾರ ನೋಡಿ.

ಹುಡುಗಿ ಹತ್ತಿರ ಬಂದಳು, ಬಗ್ಗಿದಳು, ಬಟ್ಟೆಯ ಅಂಚನ್ನು ಮಗುಚಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಆಂಟಿ, ನೀವು ಟೈಲರ್ ಅಲ್ವಾ?"

"ಅಲ್ಲ ಮಾರಾಯ್ತಿ, ಯಾರು ಹೇಳಿದ್ದು?"

"ಮತ್ಯಾಕೆ ಒಳಬದಿಗೆ ಚಾಕ್ ಹಾಕಿದೀರಿ?"

ರವಿಕೆ ಹೊಲಿಯುವವರು ಬಟ್ಟೆ ಕೈಗೆ ಬಂದ ಕೂಡಲೇ ಮಗುಚುತ್ತೇವೆ. ಗುರುತು ಮಾಡುವುದು ಒಳಬದಿಗೆ, ಹೊಲಿಯುವುದೂ ಒಳಬದಿಯಿಂದ. ತಲೆಯನ್ನು ಕೇಳದೆ ಕೈಯೇ ಮಗುಚಿಬಿಟ್ಟಿತ್ತು. ಕಣ್ಣಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಇಷ್ಟು ವರ್ಷ ನಾನು ರೇಷ್ಮೆಯ ಮಂಕು ಬದಿಯನ್ನೇ ನೋಡುತ್ತ ಬಂದವಳು. ಹದಿನಾಲ್ಕು ಮಾವಿನಕಾಯಿಯೂ ಮದುಮಗಳ ಚರ್ಮಕ್ಕೆ ತಾಗುವ ಬದಿಯಲ್ಲಿದ್ದವು. ಲೋಕಕ್ಕೆ ಕಾಣುವ ಬದಿಯಲ್ಲಿ ಬರೀ ನೂಲಿನ ಗೀಟುಗಳು.

ಅಲ್ಲೇ ಕುಸಿದು ಕೂತು ಎಲ್ಲ ಹೇಳಿಬಿಟ್ಟೆ, ಅಂಗಡಿ, ಸೊಸೆ, ಮೊಣಕಾಲಿನ ಸುಳ್ಳು. ಮಾಣಿಯ ಹೆಂಗಸು ಮೆಲ್ಲ, "ಅಕ್ಕ, ನನಗೆ ಮೊದಲ ದಿನವೇ ಗೊತ್ತಿತ್ತು. ನೀವು ನೂಲು ಕಚ್ಚಿ ತುಂಡು ಮಾಡುವಾಗಲೇ. ನಾನೂ ಹಾಗೇ ಮಾಡುವುದು, ನಮ್ಮದೂ ಅಂಗಡಿ ಉಂಟು" ಎಂದಳು. ಇಬ್ಬರು ಕಳ್ಳಿಯರು ಪಕ್ಕಪಕ್ಕದಲ್ಲೇ ಕೂತು ಐದು ವಾರ ಗೃಹಿಣಿಯರಾಗಿದ್ದೆವು.

ಆ ಹೆಂಗಸೇ ನೂಲಿನ ಕೊನೆ ಹುಡುಕಿ ಎಳೆದಳು. ಆರಿಯ ಗುಣ ಹಾಗೆ, ಸರಿಯಾದ ತುದಿ ಸಿಕ್ಕಿದರೆ ಎಲ್ಲವೂ ಸರ್ರನೆ ಬಿಚ್ಚಿಕೊಳ್ಳುತ್ತದೆ. ಎರಡು ವಾರದ ದುಡಿಮೆ ಹತ್ತು ನಿಮಿಷದಲ್ಲಿ ಮಡಿಲಿಗೆ ಬಂದು ಬಿತ್ತು. ಉಳಿದದ್ದು ರೇಷ್ಮೆಯ ತುಂಬ ಸೂಜಿಯ ತೂತು.

"ಅಳ್ತಾ ಕೂತರೆ ಅನ್ನ ಬೇಯುವುದು ನಿಲ್ತದಾ? ಇಲ್ಲಿ ತಾ ಅದನ್ನು" ಎಂದು ಹಿರಿಯಮ್ಮ ಅಡುಗೆಮನೆಯಿಂದ ಕೂಗಿದರು. ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಬಟ್ಟೆಯನ್ನು ಹಬೆಗೆ ಹಿಡಿದು, ಉಗುರಿನಿಂದ ಮೆಲ್ಲ ಉಜ್ಜಲು ಹೇಳಿದರು. ಅವರಿಬ್ಬರು ನಾಲ್ಕು ಮೂಲೆ ಹಿಡಿದು ನಿಂತರು, ನಾನು ಉಜ್ಜಿದೆ. ತೂತುಗಳು ಒಂದೊಂದೇ ಮುಚ್ಚಿಕೊಂಡವು. ಆ ದಿನ ಊಟ ಮುಗಿಯುವಾಗ ಸೂರ್ಯ ಇನ್ನೇನು ಮುಳುಗುವುದರಲ್ಲಿದ್ದ. ಹಿರಿಯಮ್ಮ ನನ್ನ ಎಲೆಗೆ ಸಾರು ಬಡಿಸುತ್ತ ಬೈದರು.

ಉಳಿದ ಮೂರು ವಾರ ಮತ್ತೆ ಮಾಡಿದೆ. ಬಟ್ಟೆ ಮುಟ್ಟುವ ಮೊದಲು ಹುಡುಗಿಯನ್ನು ಕರೆದು, "ಇದು ಯಾವ ಬದಿ ಟೀಚರ್?" ಎಂದು ಕೇಳುತ್ತಿದ್ದೆ. ಟೀಚರ್ ಎಂದು ಕರೆಯಲು ನಾಲಿಗೆಗೆ ಕಷ್ಟವಾಗಲಿಲ್ಲ.

ಮದುವೆ ಬೆಳ್ತಂಗಡಿಯ ಹಾಲ್‌ನಲ್ಲಿ. ಸಿದ್ಧಕಟ್ಟೆಯ ನನ್ನ ಗಿರಾಕಿಗಳೆಲ್ಲ ಬಂದಿದ್ದರು. ಮದುಮಗನ ಚಿಕ್ಕಮ್ಮ ನನ್ನ ಸೊಸೆಯ ತೋಳು ಹಿಡಿದು ಬಾಯಿ ತೆರೆದು ನೋಡಿದರು. "ಅಬ್ಬ, ಎಂಥ ಕೆಲಸ! ಎಲ್ಲಿ ಮಾಡಿಸಿದ್ದು?"

ಸೊಸೆ ಒಂದು ಗಳಿಗೆ ನೆಲ ನೋಡಿದಳು. "ಬೆಂಗಳೂರಿನ ಡಿಸೈನರ್ ಒಬ್ಬರು" ಅಂದಳು.

ಮಲ್ಲಿಗೆಯ ಹರಿವಾಣ ಹಿಡಿದುಕೊಂಡು ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಸುಮ್ಮನಿದ್ದರೆ ನನ್ನ ಕ್ಲಾಸಿನ ಗುಟ್ಟು ಉಳಿಯುತ್ತದೆ, ಬಾಯಿ ತೆರೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ಐದು ವಾರ ನಾನು ಟೈಲರ್ ಅಲ್ಲ ಎಂದು ನಾನೇ ಹೇಳಿಕೊಂಡಿದ್ದೆ. ಇನ್ನೊಬ್ಬರ ಬಾಯಿಂದ ಅದನ್ನು ಕೇಳಿಸಿಕೊಳ್ಳಲು ನನ್ನಿಂದಾಗಲಿಲ್ಲ.

"ನಾನು ಮಾಡಿದ್ದು" ಅಂದೆ. ಧ್ವನಿ ಸ್ವಲ್ಪ ಜೋರಾಯಿತು. "ನನಗೆ ಬರ್ತಿರಲಿಲ್ಲ. ಮೂಡುಬಿದಿರೆಗೆ ಕ್ಲಾಸಿಗೆ ಹೋಗಿ ಕಲ್ತೆ. ಒಮ್ಮೆ ತಪ್ಪಿ ಪೂರ್ತಿ ಬಿಚ್ಚಿದೆ. ಆಮೇಲೆ ಮಾಡಿದ್ದು ಇದು."

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಸೊಸೆಯ ಮುಖ ಕೆಂಪಾಯಿತು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಂದು, ಹರಿವಾಣ ಸಮೇತ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಆ ಹೆಂಗಸಿನ ಎದುರು ನಿಲ್ಲಿಸಿದಳು.

"ಇವರು ನನ್ನ ಅತ್ತೆ" ಅಂದಳು. "ಟೈಲರ್."

ಅವಳ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು. ಮದುಮಗನ ಚಿಕ್ಕಮ್ಮ ಅದನ್ನೆಲ್ಲ ಗಮನಿಸಲಿಲ್ಲ. ತಕ್ಷಣ ತಮ್ಮ ಕೈಯನ್ನು ಮೇಲಕ್ಕೆತ್ತಿ, "ಹಾಗಾದರೆ ನನ್ನ ರವಿಕೆಯನ್ನೊಮ್ಮೆ ನೋಡಿ, ಕಂಕುಳಲ್ಲಿ ಹಿಡೀತದೆ" ಎಂದರು. ನಾನು ಹರಿವಾಣವನ್ನು ಸೊಸೆಯ ಕೈಗೆ ಕೊಟ್ಟು, ಅಳುತ್ತಲೇ ನೋಡಿದೆ. ಅರ್ಧ ಇಂಚು ಬಿಡಬೇಕಿತ್ತು.