ಕೆಸರಿನ ಪಾಠ ನೋಡಲು ಬಂದ ಅಮಾತೆಪ್ಪ

ಕೆಂಭಾವಿ ಕಡೆಯ ನಮ್ಮೂರಿನಲ್ಲಿ ಬೇರೆಯವರ ಗದ್ದೆಗಳಿಗೆ ಕಾಲುವೆ ನೀರು ಹಾಯಿಸುವುದು ಅಮಾತೆಪ್ಪ ಕಾಕಾನ ಕೆಲಸ. ಅವನು ಮೂರನೇ ತರಗತಿಯಲ್ಲಿದ್ದಾಗ ಮಾಸ್ತರರೊಬ್ಬರು ದಿನವೂ ತಮ್ಮ ಉಳ್ಳಾಗಡ್ಡಿ ಹೊಲದ ಕಳೆ ಕೀಳಲು ಕಳಿಸುತ್ತಿದ್ದರಂತೆ. ಓದಲು ಅವನು ಕಲಿಯಲೇ ಇಲ್ಲ.

ಹಾಗಾಗಿ ಮಗಳು ಬಸ್ಸಮ್ಮ ಲಂಗದ ತುಂಬ ಕೆಸರು ಮಾಡಿಕೊಂಡು ಶಾಲೆಯಿಂದ ಬಂದಾಗ ಅವನಿಗೆ ಅನುಮಾನ ಬಂತು.

“ಯಾರ ಹೊಲಕ್ಕ ಕಳಿಸಿದ್ರವ್ವ?”

“ಯಾರ ಹೊಲಕ್ಕೂ ಇಲ್ಲಪ್ಪ. ಸಾಲಿ ಹಿಂದ ತ್ವಾಟ ಮಾಡಾಕತ್ತೀವಿ. ಅಳತಿ ಲೆಕ್ಕ ಅದರಾಗೇ ಕಲಿಸ್ತಾರ.”

“ನಿನಗ ಹಂಗ ಹೇಳ್ಯಾರ. ಮಣ್ಣ ಹೊರೂದಾದ್ರ ಸಾಲಿ ಬಿಡು. ನನ್ನ ಜೋಡಿ ನಾಟಿ ಹಚ್ಚಾಕ ಬಾ, ಕೂಲಿಯಾದ್ರೂ ಸಿಗ್ತದ.”

ಬಸ್ಸಮ್ಮ ಪಾಟಿಚೀಲ ಅವುಚಿಕೊಂಡು ಕೂತಳು.

ಮರುದಿನ ಅವನು ಯಾರಿಗೂ ಹೇಳದೆ ಶಾಲೆಯ ಹಿಂದಿನ ಗೋಡೆಯ ಬಳಿ ನಿಂತ. ಒಳಗೆ ಮೆಂತ್ಯೆ ಬಿತ್ತಿದ ನಾಲ್ಕು ಮಡಿಗಳಿದ್ದವು. ಬಸ್ಸಮ್ಮ ಮತ್ತು ನಮ್ಮ ಓಣಿಯ ಇನ್ನೂ ಮೂವರು ಮೊಳಕಾಲಿನವರೆಗೆ ಕೆಸರಾಗಿ ಕೊಡ ಹೊರುತ್ತಿದ್ದರು. ಕಿರಾಣಿ ಅಂಗಡಿಯವರ ಮಗ ಶಾಂತಪ್ಪ ಬೇವಿನ ನೆರಳಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ.

ಕಾಕಾ ಒಳಗೆ ಹೋದ. “ಅಕ್ಕೋರ, ಕೊಡ ಹೊರಾಕ ನಮ್ಮ ಓಣಿ ಮಕ್ಕಳೇ ಬೇಕೇನ್ರಿ?”

“ಹಂಗೇನಿಲ್ಲ ಬಿಡ್ರಿ,” ಎಂದರು ಶಿಕ್ಷಕಿ ರೇಣಮ್ಮ. “ಇವರಿಗೆ ಹೊಲದ ಕೆಲಸ ಗೊತ್ತದ. ಶಾಂತಪ್ಪನ ಅಕ್ಷರ ಚಲೋ ಅದಾವ.”

“ನಿನ್ನಿ ಯಾರು ಬರದ್ರು?”

“ಶಾಂತಪ್ಪ.”

“ಮೊನ್ನಿ?”



“ನಾನೇ ರೀ,” ಎಂದ ಶಾಂತಪ್ಪ. “ನನಗ ಕೆಸರಾಗ ಇಳ್ಯಾಕ ಬಿಡವಲ್ರು.”

 ರೇಣಮ್ಮ ಅವನ ನೋಟ್‌ಬುಕ್ ತೆಗೆದುಕೊಂಡು ಬಸ್ಸಮ್ಮನ ಕೈಗೆ ಕೊಟ್ಟರು. ಶಾಂತಪ್ಪ ಚಡ್ಡಿ ಕೂಡ ಮಡಚದೆ ಕೆಸರಿಗಿಳಿದ.

ಕಾಕಾ ಆದರೂ ಹೋಗಲಿಲ್ಲ. ಸುರಿದ ನೀರು ಮೂರು ಮಡಿ ದಾಟಿ ನಿಂತಿತು, ಕೊನೆಯದಕ್ಕೆ ಹೋಗಲಿಲ್ಲ. ಯಾಕೆಂದು ಬರೆಯಲು ರೇಣಮ್ಮ ಹೇಳಿದರು. ಬಸ್ಸಮ್ಮ ಅಪ್ಪನ ಮುಖ ನೋಡಿದಳು.

“ಅದು ಎತ್ತರ ಅದ, ಕಾಣವಲ್ದೇನು?” ಎಂದ ಕಾಕಾ.

ಅವಳು ಅಳತೆಪಟ್ಟಿ ಇಟ್ಟು ಅಳೆದು ನಿಧಾನವಾಗಿ ಬರೆದಳು. ಕಾಕಾ ಪಕ್ಕದ ಹುಡುಗಿಯಿಂದ ಓದಿಸಿದ: “ಕೊನೆಯ ಮಡಿ ಆರು ಸೆಂಟಿಮೀಟರ್ ಎತ್ತರ ಇದೆ. ಅದಕ್ಕೆ ನೀರು ಬರಲಿಲ್ಲ.” ಅದನ್ನೇ ಇನ್ನೊಬ್ಬನಿಂದಲೂ ಓದಿಸಿದ. ಇಬ್ಬರೂ ಒಂದೇ ಓದಿದರು.

“ಇವತ್ತು ಇಲ್ಲೇ ಇರು,” ಎಂದು ಮಗಳಿಗೆ ಹೇಳಿದ. ರೇಣಮ್ಮನ ಕಡೆ ತಿರುಗಿದ. “ನಾಳಿ ಯಾರು ಬರೀತಾರ, ಬಂದು ನೋಡ್ತೀನ್ರಿ.”