ಮುನ್ನೂರರ ಬೆಲೆಗೆ ನಾನೂರೈವತ್ತು

ನಮ್ಮ ಪಕ್ಕದ ಮನೆಯ ವಾಣಿಯ ವಿಷಯ ಹೇಳಬೇಕೆಂದರೆ ಅವಳ ಅಪ್ಪನಿಂದಲೇ ಶುರುಮಾಡಬೇಕು. ಅವಳ ಬದುಕಿನಲ್ಲಿ ಎಲ್ಲವೂ ಶುರುವಾಗುತ್ತಿದ್ದದ್ದು ಅಲ್ಲಿಂದಲೇ. ಸಿದ್ದಯ್ಯನವರು ಭದ್ರಾವತಿ ಓಲ್ಡ್ ಟೌನಿನಲ್ಲಿ ಹೆಸರಾದ ಜಂಗಮರು. ಹುಟ್ಟಿದ ಗಳಿಗೆ ಹೇಳಿದರೆ ಜಾತಕ ಬರೆದುಕೊಡುತ್ತಿದ್ದರು. ಗಂಡು ಹೆಣ್ಣಿನ ಜಾತಕ ತಂದರೆ ಸಾಲಾವಳಿ ನೋಡಿ ಕೂಡುತ್ತದೋ ಇಲ್ಲವೋ ಹೇಳುತ್ತಿದ್ದರು. ಅವರ ಕೈಬರಹದ ಜಾತಕವೇ ಬೇಕೆಂದು ಆಯನೂರಿನಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು. ಆ ಕೈಬರಹ ವಾಣಿಯದೆಂದು ಬರುವವರಿಗೆ ಗೊತ್ತಿರಲಿಲ್ಲ.

ಎಂಬತ್ತೆಂಟನೇ ಇಸವಿಯಲ್ಲಿ ಸಿದ್ದಯ್ಯನವರ ಕಣ್ಣಿನ ನರ ಸೋತಿತು. ಆಪರೇಷನ್ನಿಗೂ ದಕ್ಕುವ ಕಾಯಿಲೆಯಲ್ಲ. ಎದುರಿಗಿರುವುದು ಗಂಡಸೋ ಹೆಂಗಸೋ ತಿಳಿಯುತ್ತಿತ್ತು, ಪಂಚಾಂಗದ ಅಂಕಿ ತಿಳಿಯುತ್ತಿರಲಿಲ್ಲ. ವಾಣಿ ಆಗಷ್ಟೇ ಪಿಯುಸಿ ಮುಗಿಸಿದ್ದಳು, ತಾಯಿ ಇರಲಿಲ್ಲ. ಅಂದಿನಿಂದ ವ್ಯವಸ್ಥೆ ಹೀಗಾಯಿತು: ಜನ ಕೊಟ್ಟ ಚೀಟಿಯನ್ನು ಸಿದ್ದಯ್ಯನವರು ಕಣ್ಣಿಗೊತ್ತಿಕೊಂಡು ‘ನಾಡಿದ್ದು ಬನ್ನಿ’ ಎನ್ನುವರು. ಒಳಮನೆಯಲ್ಲಿ ವಾಣಿ ಗುಣಿಸಿ, ಭಾಗಿಸಿ, ಬರೆಯುವಳು. ಅವಳು ಓದಿ ಹೇಳಿದ್ದನ್ನು ಇವರು ಬಾಯಿಪಾಠ ಮಾಡಿಕೊಂಡು, ಜನ ಬಂದಾಗ ಕಾಗದದ ಮೇಲೆ ಬೆರಳಾಡಿಸುತ್ತ ಒಪ್ಪಿಸುವರು. ನಮ್ಮಿಬ್ಬರ ಮನೆಗೂ ಹಿತ್ತಿಲು ಒಂದೇ ಆದ್ದರಿಂದ ನನಗೆ ಇದೆಲ್ಲ ಗೊತ್ತಿತ್ತು. ಅವಳು ಬಟ್ಟೆ ಹಿಂಡುವಾಗಲೂ ತುಟಿಯಲ್ಲಿ ಲೆಕ್ಕ ಓಡುತ್ತಿರುತ್ತಿತ್ತು. ಮೊದಮೊದಲು ನನಗೆ ಅಪ್ಪ ಮಗಳಿಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಅವಳ ಮೇಲೆ ಮಾತ್ರ ಬರತೊಡಗಿತು; ಬಾಯಿಲ್ಲದವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ.

ಈ ಮಧ್ಯೆಯೇ ಅವಳು ಅಂಚೆಯಲ್ಲಿ ಬಿ.ಎ. ಮಾಡಿಕೊಂಡಿದ್ದಳು. ತೊಂಬತ್ತೊಂಬತ್ತರಲ್ಲಿ ಶಿವಮೊಗ್ಗದ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಸುಬ್ಬಲಕ್ಷ್ಮಿ, ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡಲು ಬಾ ಎಂದು ಕರೆದರು. ವಾಣಿ ಮೊದಲ ಸಲ ಅಪ್ಪನ ಮುಂದೆ ನಿಂತು, ಹೋಗ್ತೀನಿ ಎಂದಳು. ಬೇರೆಯವರನ್ನು ಇಟ್ಟುಕೊಂಡರೆ ಕಣ್ಣಿನ ಗುಟ್ಟು ಊರಿಗೆಲ್ಲ ಗೊತ್ತಾಗುತ್ತದೆ, ಗೊತ್ತಾದರೆ ಯಾರೂ ಬರುವುದಿಲ್ಲ ಎಂಬುದು ಸಿದ್ದಯ್ಯನವರ ಹೆದರಿಕೆ. ಕೊನೆಗೆ ಒಂದು ಒಪ್ಪಂದವಾಯಿತು. ‘ಜಾತಕದ ಕಂಪ್ಯೂಟರ್ ಬರ್ಲಿ. ಆಮೇಲೆ ಗುಂಡಿ ಒತ್ತೋಕೆ ಯಾರಾದ್ರೂ ಆಗ್ತಾರೆ. ನೀನು ಹೋಗು.’

ಹಾಗಾಗಿ ಆ ಕಾರ್ತಿಕದಲ್ಲಿ ನಾವು ಮೂವರೂ ಶಿವಮೊಗ್ಗದ ದುರ್ಗಿಗುಡಿಯ ಒಂದು ಮಹಡಿ ಹತ್ತಿದೆವು. ಬಿಡಿ ಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡುವ ಜ್ಞಾನೇಶ್ ಎಂಬಾತನ ಅಂಗಡಿ ಅದು. ನಮ್ಮ ಕೈಯಲ್ಲಿದ್ದ ದುಡ್ಡು ಕೇಳಿ ಅವನು ನಿಟ್ಟುಸಿರು ಬಿಟ್ಟ. ಬಳಸಿದ ಮಾನಿಟರ್, ಚಿಕ್ಕ ಹಾರ್ಡ್ ಡಿಸ್ಕ್, ತಗಡಿನ ಕ್ಯಾಬಿನೆಟ್ ಎಂದು ಒಂದೊಂದಾಗಿ ಬದಿಗಿಡುತ್ತ ಹೋದ. ಪ್ರೊಸೆಸರ್ ಕೈಗೆತ್ತಿಕೊಂಡಾಗ ಮಾತ್ರ ಅವನ ಮುಖ ಅರಳಿತು.

‘ಇದು ಮುನ್ನೂರು ಮೆಗಾಹರ್ಟ್ಸ್ ವೇಗದ ಸೆಲೆರಾನ್. ಬೋರ್ಡಿನ ವೇಗ ಅರವತ್ತಾರರಿಂದ ನೂರಕ್ಕೆ ಏರ್ಸಿ, ಅದಕ್ಕೆ ತಕ್ಕ ರ‍್ಯಾಮು ಹಾಕಿದ್ರೆ ನಾನೂರೈವತ್ತು ಓಡುತ್ತೆ. ಬೆಲೆ ಮುನ್ನೂರರದ್ದೇ.’

‘ಓಡ್ಸಿದ್ರೆ ಅದಕ್ಕೇನೂ ಆಗಲ್ವಾ?’ ಎಂದಳು ವಾಣಿ.

‘ಬಿಸಿ ಆಗುತ್ತೆ. ಒಳ್ಳೇ ಫ್ಯಾನು ಹಾಕ್ಬೇಕು, ಕ್ಯಾಬಿನೆಟ್ಟಿಗೂ ಒಂದು ಬೇಕು.’

‘ಜಾತಕಕ್ಕೆ ಅಷ್ಟು ಬೇಕಾ?’

ಜ್ಞಾನೇಶ್ ಪ್ರಾಮಾಣಿಕ. ‘ಜಾತಕಕ್ಕೆ ಮುನ್ನೂರೇ ಜಾಸ್ತಿ ಮೇಡಂ.’

ಆದರೆ ಸಿದ್ದಯ್ಯನವರ ಕಿವಿಗೆ ನಾನೂರೈವತ್ತು ಬಿದ್ದಾಗಿತ್ತು. ಪುಕ್ಕಟೆ ಸಿಗುವ ಒಂದೂವರೆ ನೂರನ್ನು ಯಾರಾದರೂ ಬಿಡುತ್ತಾರೆಯೇ? ಅದೇ ಇರಲಿ ಎಂದರು. ಜೊತೆಗೆ, ಕಂಪ್ಯೂಟರ್ ಹಚ್ಚಿದ ಕೂಡಲೇ ‘ಓಂ ನಮಃ ಶಿವಾಯ’ ಎನ್ನಬೇಕು, ಅದಕ್ಕೆ ಸ್ಪೀಕರ್ ಬೇಕು ಎಂದರು. ಫ್ಯಾನುಗಳೋ ಸ್ಪೀಕರೋ, ಒಂದಕ್ಕೆ ಮಾತ್ರ ದುಡ್ಡಿತ್ತು. ವಾಣಿ ಫ್ಯಾನು ಎಂದಳು, ಒಂದೇ ಸಲ, ಮೆಲ್ಲಗೆ. ಸ್ಪೀಕರ್ ಬಂತು, ಪ್ರೊಸೆಸರಿನ ಮೇಲೆ ಇದ್ದುದರಲ್ಲೇ ಅಗ್ಗದ ಪುಟ್ಟ ಫ್ಯಾನು ಕೂತಿತು. ನಾನಾಗಿದ್ದರೆ ಅಂಗಡಿಯಲ್ಲೇ ರಂಪ ಮಾಡುತ್ತಿದ್ದೆ.

ಹೊರಡುವ ಮುಂಚೆ ಜ್ಞಾನೇಶ್ ಅವಳನ್ನು ಕರೆದು ತೋರಿಸಿದ. ಯಾವತ್ತಾದರೂ ಬಿಸಿಗೆ ನಿಂತುಹೋದರೆ, ಶುರುವಿನಲ್ಲಿ ಡಿಲೀಟ್ ಗುಂಡಿ ಒತ್ತಬೇಕು, ನೂರು ಇರುವ ಕಡೆ ಅರವತ್ತಾರು ಮಾಡಬೇಕು. ಯಂತ್ರ ತನ್ನ ಮುನ್ನೂರಕ್ಕೇ ವಾಪಸು ಬರುತ್ತದೆ. ವಾಣಿ ಒಂದು ಸಲ ಮಾಡಿ ನೋಡಿ, ತಲೆಯಾಡಿಸಿದಳು.

ಮನೆಗೆ ಬಂದ ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಜಾತಕ ಹಾಕುತ್ತಿತ್ತು. ಫಜೀತಿ ಶುರುವಾದದ್ದೂ ಅಲ್ಲಿಂದಲೇ. ಇಷ್ಟು ಬೇಗ ಬಂದದ್ದನ್ನು ಹೇಗೆ ನಂಬುವುದು ಎಂದು ಜನ ಮುಖ ಮುಖ ನೋಡಿಕೊಂಡರು. ‘ಸ್ವಲ್ಪ ತಡ್ದು ಒತ್ತು’ ಎಂದು ಸಿದ್ದಯ್ಯನವರು ಮಗಳಿಗೆ ಪಿಸುಗುಟ್ಟಿದರು. ಅಷ್ಟು ಒದ್ದಾಡಿ ತಂದ ವೇಗವನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾಣಿ ಸುಮ್ಮನೆ ಕಾಯುವಳು. ಆಮೇಲೆ ಜನಕ್ಕೆ ನಂಬಿಕೆ ಬಂತು, ನಂಬಿಕೆಯ ಜೊತೆ ಜನವೂ ಬಂದರು. ವಾರಕ್ಕೆ ನಾಲ್ಕು ಜಾತಕ ಬರೆಯುತ್ತಿದ್ದವಳು ದಿನಕ್ಕೆ ಹತ್ತು ಹದಿನೈದಕ್ಕೆ ಕೂತಳು. ಬೆನ್ನು ನೋವು, ಕಣ್ಣುರಿ. ಹಿತ್ತಿಲಿಗೆ ಬಂದರೆ ಒಗೆಯುವ ಕಲ್ಲಿನ ಮೇಲೆ ಕೂತುಬಿಡುವಳು, ಮಾತೂ ಬೇಡ.

‘ಹೋಗೋದು ಯಾವಾಗ ಮಾರಾಯ್ತಿ?’ ಎಂದು ಕೇಳಿದೆ.

‘ಮದುವೆ ಸೀಸನ್ ಮುಗೀಲಿ ಅಂತಾರೆ. ಹೊಸಬ್ರನ್ನ ಕೂರ್ಸಿದ್ರೆ ಕಣ್ಣಿನ ವಿಷ್ಯ ಗೊತ್ತಾಗುತ್ತಂತೆ.’

‘ನೀನೇನಂದೆ?’

‘ಏನೂ ಅನ್ನಲಿಲ್ಲ. ಸಾಕಾಗಿದೆ ನಂಗೆ.’

ಜನವರಿಗೆ ಬಾ ಎಂದಿದ್ದ ಸುಬ್ಬಲಕ್ಷ್ಮಿ ಮೇಡಂ ಜೂನ್ ಒಂದರವರೆಗೆ ಕಾಯುವುದಾಗಿ, ಅದಾದ ಮೇಲೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಹೇಳಿ ಕಳಿಸಿದರು. ಮೇ ಕೊನೆಯ ವಾರ ಬಂತು. ಬಿಸಿಲಿಗೆ ನಮ್ಮ ಮನೆಗಳ ಹೆಂಚು ಕಾದು ಒಳಗೆ ಕೂರಲಾಗುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಆಯನೂರಿನ ಭೂತಪ್ಪ ಕಿರಿಮಗನಿಗೆ ಹೆಣ್ಣಿನ ಕಡೆಯಿಂದ ಜಾತಕ ತಂದು ಕೂತಿದ್ದರು. ಮರುದಿನವೇ ಒಪ್ಪಿಗೆಯ ಮಾತು ಕೊಡಬೇಕಿತ್ತು. ವಾಣಿ ಅಂಕಿ ಒತ್ತುತ್ತಿದ್ದಂತೆ ಪರದೆ ನಿಂತುಹೋಯಿತು. ಆರಿಸಿ ಹಚ್ಚಿದರೆ ಸ್ಪೀಕರ್ ‘ಓಂ ನಮಃ’ ಎಂದು, ಅಲ್ಲೇ ಸಿಕ್ಕಿಕೊಂಡು ‘ನಮಃ ನಮಃ ನಮಃ’ ಎನ್ನುತ್ತಲೇ ಇತ್ತು. ಅವಳು ಎದ್ದು ವೈರು ಕಿತ್ತು ಅಡುಗೆಮನೆಗೆ ಬಂದಳು. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿಕೊಡಲು ಬಂದಿದ್ದ ನಾನು ಅಲ್ಲೇ ಇದ್ದೆ.

ಹೊರಗೆ ಭೂತಪ್ಪ, ‘ಹೋಗ್ಲಿ ಬಿಡಿ ಅಯ್ನೋರೇ, ಮೊದ್ಲಿನಂಗೆ ಕೈಲೇ ಬರ್ಕೊಡಿ. ಸಂಜೆಗಂಟ ಕೂತಿರ್ತೀನಿ’ ಎಂದರು.

ಸಿದ್ದಯ್ಯನವರು ಗೋಡೆ ಸವರುತ್ತ ಒಳಗೆ ಬಂದರು. ‘ವಾಣಿ, ಪಂಚಾಂಗ ತಗೊ. ಇದೊಂದು ಮಾಡ್ಕೊಡು.’

‘ನಂಗೆ ಮರ್ತೋಗಿದೆ ಅಪ್ಪ.’

‘ಏನು ಮರ್ತೋಗಿದೆ?’

‘ಲೆಕ್ಕ. ಎಲ್ಲಾ.’

ಈಳಿಗೆಯ ಮೇಲೆ ನನ್ನ ಕೈ ನಿಂತಿತು. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದವಳು ಆರು ತಿಂಗಳಿಗೆ ಮರೆಯುತ್ತಾಳೆಯೇ? ಅಷ್ಟೇಕೆ, ಡಿಲೀಟ್ ಒತ್ತಿ ನೂರನ್ನು ಅರವತ್ತಾರು ಮಾಡಿದ್ದರೆ ಆ ಯಂತ್ರವೂ ಎದ್ದು ಕೂರುತ್ತಿತ್ತು. ಎರಡೂ ಅವಳ ಕೈಯಲ್ಲಿತ್ತು. ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಅಪ್ಪನನ್ನೇ ನೋಡುತ್ತಿದ್ದಳು. ಅವಳ ಮೇಲೆ ಇಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದ ನನಗೆ ಆಗ ಎದ್ದು ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

ಸುಳ್ಳೆಂದು ಸಿದ್ದಯ್ಯನವರಿಗೂ ಗೊತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ, ತಿರುಗಿ ಹೊರಗೆ ಹೋದರು.

‘ಭೂತಪ್ಪ, ನಂಗೆ ಕಣ್ಣು ಕಾಣಲ್ಲ. ಕಾಣ್ದೆ ಹನ್ನೆರಡು ವರ್ಷ ಆಯ್ತು. ನಿಮ್ಮ ದೊಡ್ಡ ಮಗನ ಜಾತಕ ಬರ್ದಿದ್ದೂ ನಾನಲ್ಲ, ನನ್ನ ಮಗಳು.’

ಭೂತಪ್ಪನವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವೂ ಅಷ್ಟೇನಿರಲಿಲ್ಲ.

‘ಹಂಗಾದ್ರೆ ಅವ್ರನ್ನೇ ಕರೀರಿ ಅಯ್ನೋರೇ. ಯಾರು ಬರದ್ರೇನು, ಸರಿಯಾಗಿದ್ರಾಯ್ತು.’

ಅಷ್ಟೇ. ಹನ್ನೆರಡು ವರ್ಷ ಅಪ್ಪ ಮಗಳು ಹೆದರಿಕೊಂಡು ಸತ್ತದ್ದು ಇಷ್ಟೇ ಮಾತಿಗೆ. ವಾಣಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು.

‘ಕರೆಯಲ್ಲ,’ ಎಂದರು ಸಿದ್ದಯ್ಯನವರು. ‘ಅವಳಿಗೆ ಸುಸ್ತಾಗಿದೆ.’