ಸ್ಕೀ ಅಂಗಡಿಯ ಮಡಿ ಗಿರಾಕಿ

ನಲವತ್ತಾರು ವರ್ಷ ತುಂಬುವವರೆಗೆ ನಾನು ಪಾದರಕ್ಷೆಯ ಅಂಗಡಿಯೊಳಗೆ ಕಾಲಿಟ್ಟವಳಲ್ಲ. ನಗಬೇಡಿ. ಹಾನಗಲ್ಲಿನಲ್ಲಿ ನನಗೆ ಚಪ್ಪಲಿ ಬೇಕಾದಾಗ ನಮ್ಮವರು ಕಸಬರಿಗೆಯಿಂದ ಒಂದು ಕಡ್ಡಿ ಎಳೆದು, ನನ್ನ ಅಂಗಾಲಿನ ಉದ್ದಕ್ಕೆ ಮುರಿದು, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಪೇಟೆಗೆ ಹೋಗುತ್ತಿದ್ದರು. ಕಡ್ಡಿಗೆ ಸರಿಯಾದ ಚಪ್ಪಲಿ ನನಗೂ ಸರಿಯಾಗಬೇಕು. ಆಗದಿದ್ದರೆ ತಪ್ಪು ನನ್ನ ಕಾಲಿನದು. ಬಳೆಗಾರ ಮನೆಗೇ ಬರುತ್ತಿದ್ದ. ಸೀರೆಯ ಗಂಟು ಹೊತ್ತವನೂ ಬರುತ್ತಿದ್ದ. ಸವಣೂರಿನ ವೀಳ್ಯದೆಲೆ ಬುಟ್ಟಿಯಲ್ಲಿ ಕೂತು ನಮ್ಮ ಕಟ್ಟೆಯವರೆಗೆ ಬರುತ್ತಿತ್ತು. ಅಂಗಡಿಗಳೇ ನನ್ನ ಬಳಿಗೆ ನಡೆದು ಬರುತ್ತಿದ್ದುದರಿಂದ ಗಿರಾಕಿಯಾಗುವ ವಿದ್ಯೆ ನನಗೆ ಹತ್ತಲೇ ಇಲ್ಲ. ಅಂಥವಳು ಮೊದಲ ಸಲ ಹೊಕ್ಕ ಪಾದರಕ್ಷೆಯ ಅಂಗಡಿ ಯಾವುದೆಂದರೆ, ಮನಾಲಿಯ ಆಚೆ, ಬೆಟ್ಟದ ರಸ್ತೆಯ ಬದಿಗೆ ತಗಡು ಹೊದಿಸಿ ನಿಲ್ಲಿಸಿದ್ದ ಒಂದು ಸ್ಕೀ ಅಂಗಡಿ.

ಸ್ಕೀ ಎಂದರೆ ಆಳೆತ್ತರದ ಎರಡು ಹಲಗೆ. ಮುಂದಿನ ತುದಿ ತುಸು ಮೇಲಕ್ಕೆ ಬಾಗಿರುತ್ತದೆ. ಅವನ್ನು ಬೂಟಿಗೆ ಬಿಗಿದುಕೊಂಡು ಜನ ಹಿಮದ ಇಳಿಜಾರಿನಲ್ಲಿ ಜಾರುತ್ತಾರೆ. ಇದನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಹಾನಗಲ್ಲಿನ ಹೆಂಗಸಿಗೇನು ಕೆಲಸ ಎಂದು ನೀವು ಕೇಳುವುದು ಸಹಜ. ನನ್ನ ತಮ್ಮನ ಕಾಲ್ಬೆರಳುಗಳ ಕೆಲಸವಿತ್ತು.

ನಮ್ಮ ತವರು ಹಿರೇಕೆರೂರಿನ ಕಡೆಯ ಹಂಸಭಾವಿ. ಅವ್ವ ತೀರಿಕೊಂಡಾಗ ತಮ್ಮ ರಾಘುವಿಗೆ ಮೂರು ವರ್ಷ, ನನಗೆ ಹದಿನೈದು. ಅವನು ನಡೆಯಲು ಹಟ ಮಾಡಿದಾಗೆಲ್ಲ ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಆ ಕಾಲುಗಳನ್ನು ಅವನು ಸೈನ್ಯಕ್ಕೆ ಕೊಟ್ಟ. ಎಪ್ಪತ್ತೊಂದರ ಯುದ್ಧ ಮುಗಿದ ಮರುವರ್ಷದ ಚಳಿಗಾಲದಲ್ಲಿ, ಉತ್ತರದ ಯಾವುದೋ ಎತ್ತರದ ಠಾಣೆಯಲ್ಲಿ ಎರಡು ದಿನ ಹಿಮದಲ್ಲಿ ಸಿಕ್ಕಿಬಿದ್ದನಂತೆ. ಆಸ್ಪತ್ರೆಯಿಂದ ಪತ್ರ ಬಂತು: ಎಡಗಾಲಿನ ಎರಡು ಬೆರಳು ಹೋಗಿವೆ, ಉಳಿದವುಗಳ ಮಾತು ಡಾಕ್ಟರು ಹೇಳುತ್ತಿಲ್ಲ. ಪತ್ರವನ್ನು ದೇವರ ಮುಂದಿಟ್ಟು ಹರಕೆ ಹೊತ್ತೆ. ಉಳಿದ ಎಂಟು ಬೆರಳು ಉಳಿಸು. ಹಿಮ ಇರುವಲ್ಲಿಗೇ ಬಂದು, ಮಡಿಯಲ್ಲಿ, ಬರಿಗಾಲಿನಲ್ಲಿ ನಿಂತು ಐದು ನಮಸ್ಕಾರ ಹಾಕುತ್ತೇನೆ.

ಎಂಟೂ ಉಳಿದವು. ರಾಘು ಊರಿಗೆ ಮರಳಿ ಶಿಗ್ಗಾಂವಿಯ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಉಳಿದದ್ದು ನನ್ನ ಹರಕೆ. ನಮ್ಮ ಕಡೆ ಹಿಮವನ್ನು ಎಲ್ಲಿಂದ ತರುವುದು? ಸೋಡಾ ಅಂಗಡಿಯವನು ಕಟ್ಟಿಗೆ ಹೊಟ್ಟಿನಲ್ಲಿ ಹೂತಿಟ್ಟು ಗೋಣಿಚೀಲ ಹೊದಿಸುತ್ತಿದ್ದ ಬರ್ಫಿನ ಗಡ್ಡೆಯಷ್ಟೇ ನಾನು ಕಂಡ ಹಿಮಾಲಯ. ವರ್ಷದ ಮೇಲೆ ವರ್ಷ ಹೋಗಿ ಹದಿಮೂರಾದವು. ರಾಘುವಿಗೆ ನೆಗಡಿಯಾದರೆ ನನಗೆ ಹರಕೆ ನೆನಪಾಗುತ್ತಿತ್ತು. ಅವನು ಸ್ವಲ್ಪ ಕುಂಟಿದರೆ ರಾತ್ರಿ ಊಟ ಸೇರುತ್ತಿರಲಿಲ್ಲ. ಕೊಟ್ಟ ಮಾತು ತೀರಿಸದವಳ ತಮ್ಮನ ಬೆರಳುಗಳನ್ನು ದೇವರು ಎಷ್ಟು ದಿನ ಕಾಯಬೇಕು?

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದ ನಮ್ಮವರಿಗೆ ಕೊನೆಗೆ ಸರಕಾರದ ಖರ್ಚಿನಲ್ಲಿ ಪ್ರವಾಸದ ಸವಲತ್ತು ಸಿಕ್ಕಿತು. ಎದುರುಮನೆಯ ಗಂಗವ್ವ ನನ್ನ ಗಂಟು ಕಟ್ಟುವುದನ್ನು ನೋಡುತ್ತ ನಿಂತಿದ್ದಳು.

‘‘ಅಕ್ಕಾರ, ಬರ್ಫಿನ್ಯಾಗ ಬರಿಗಾಲಿಲೆ ನಿಲ್ಲಾಕ ಹೊಂಟೀರಂತ? ಇಲ್ಲೆ ಶ್ರಾವಣದಾಗ ಅಂಗಳಕ್ಕ ಬರಾಕ ಚಪ್ಪಲ್ ಹುಡುಕ್ತೀರಿ!’’

‘‘ಅದು ಪಾರ್ವತಿ ತವರುಮನಿ, ಗಂಗವ್ವ. ಅಲ್ಲೆ ಚಪ್ಪಲ್ ಮೆಟಗೊಂಡು ಹೋಗಲಿಕ್ಕೆ ಬರ್ತದೇನು?’’

‘‘ತವರುಮನ್ಯಾಗೂ ನೀವು ಥಂಡಿ ಹತ್ತಿ ಮಲಗಿದ್ರ ಮಾಡೋರ್ಯಾರ್ರಿ?’’ ಎಂದು ಆಕೆ ಹೋದಳು. ಆಕೆಯ ಪ್ರಶ್ನೆಯನ್ನು ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮನಾಲಿಯಲ್ಲಿ ನಮಗೆ ಹಿಮಕ್ಕೆ ಸಿಕ್ಕಿದ್ದು ಒಂದೇ ದಿನ. ಪ್ರವಾಸಿ ಬಸ್ಸಿನವನು ಮಧ್ಯಾಹ್ನ ಎರಡಕ್ಕೆ ಹೊರಡುತ್ತೇನೆಂದು ಮೊದಲೇ ಎಚ್ಚರಿಸಿದ್ದ. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ಮಡಿಗೆ ಉಡುವ ಉಣ್ಣೆಯ ಧಾಬಳಿಯನ್ನು ಉಟ್ಟು ಬಸ್ಸು ಹತ್ತಿದೆ. ಊರ ಮಂದಿಯೆಲ್ಲ ಕೂತೆದ್ದ ಸೀಟಿನಲ್ಲಿ ಯಾವ ಮಡಿ ಎಂದು ನೀವು ಕೇಳಬಾರದು. ನಮ್ಮವರು ಕೇಳಿದರು.

‘‘ಉಣ್ಣೀಗೆ ಮೈಲಿಗಿ ಇಲ್ಲ’’ ಎಂದೆ.

ಬಸ್ಸು ಅಂಗಡಿಯ ಮುಂದೆ ನಿಂತಿತು. ಹಿಮ ರಸ್ತೆಯ ಮೇಲಿರಲಿಲ್ಲ. ಎದುರಿನ ಏರನ್ನು ಹತ್ತಿ ಹೋಗಬೇಕಿತ್ತು. ಅಂಗಡಿಯೊಳಗೆ ತುಪ್ಪಳದ ಕೋಟುಗಳು ತೂಗಾಡುತ್ತಿದ್ದವು. ನೆಲದ ತುಂಬ ತೊಗಲಿನ ಬೂಟುಗಳು. ಒಬ್ಬ ಹೆಂಗಸು, ನನ್ನದೇ ವಯಸ್ಸು, ಮೈತುಂಬ ಪಟ್ಟು ಎಂಬ ಅಲ್ಲಿಯ ಉಣ್ಣೆಯ ಕಂಬಳಿ ಸುತ್ತಿ ಬೆಳ್ಳಿಯ ಪಿನ್ನು ಹಾಕಿಕೊಂಡಿದ್ದಳು. ಹಸಿ ಬೂಟಿನೊಳಗೆ ಕೈ ತೂರಿಸಿ ಚಿಂದಿಯಿಂದ ಒರೆಸುತ್ತಿದ್ದಳು. ಆಕೆಯೇ ಒಡತಿ. ಆಕೆಯ ಗಂಡ ಮೇಲೆ ಹಿಮದಲ್ಲಿ ಜನರಿಗೆ ಜಾರುವುದನ್ನು ಕಲಿಸುವವನಂತೆ. ಆಗಷ್ಟೇ ಹಗ್ಗದ ಸಿಂಬೆ ಹೊತ್ತು ಇಳಿದು ಬಂದಿದ್ದ. ಆಕೆ ನನ್ನನ್ನು ಕಂಡೊಡನೆ ಒಂದು ಕೋಟು, ಒಂದು ಜೊತೆ ಬೂಟು ತೆಗೆದು ಮುಂದಿಟ್ಟಳು. ಕಡ್ಡಿಯಿಲ್ಲ, ಏನಿಲ್ಲ. ಕಾಲು ನೋಡಿಯೇ ಅಳತೆ ಹಿಡಿದುಬಿಟ್ಟಿದ್ದಳು! ಬರಿಗಾಲಿನಲ್ಲಿ ನಿಂತ ನನ್ನ ಮೇಲೆ ಆಕೆಗಿದ್ದ ಆ ಲಕ್ಷ್ಯ ಕಂಡು ನನಗೆ ಬೆರಗಾಯಿತು. ಆದರೆ ತೊಗಲು. ಕೈ ಹಿಂದಕ್ಕೆ ಕಟ್ಟಿಕೊಂಡೆ.

‘‘ಕೋಟರ ಹಾಕ್ಕೋ. ಅದೂ ಉಣ್ಣೀದ ಅದ’’ ಎಂದರು ನಮ್ಮವರು.

‘‘ಅಸ್ತರು ಅರಿವೀದು. ಅದರೊಳಗ ಎಷ್ಟು ಮಂದಿ ಬೆವತಾರೋ.’’

‘‘ಈ ಥಂಡ್ಯಾಗ ಯಾರು ಬೆವೀತಾರ?’’

ನಮ್ಮವರ ಹಿಂದಿ ಟ್ರಂಕ್ ಕಾಲಿನ ಹಿಂದಿ. ಮೂರು ನಿಮಿಷಕ್ಕಿಂತ ಹೆಚ್ಚು ನಡೆಯುವುದಿಲ್ಲ. ಅಷ್ಟರಲ್ಲೇ ಹರಕೆಯ ವಿಷಯ ತಿಳಿಸಿದರು. ಒಡತಿ ಏನೋ ಖಡಾಖಂಡಿತವಾಗಿ ಹೇಳಿದಳು.

‘‘ಏನಂತಾಳ್ರಿ?’’

‘‘ಬರಿಗಾಲಿಲೆ ಆ ಏರು ಹತ್ತಿದ್ರ ತಮ್ಮನ ಲೆಕ್ಕಕ್ಕ ನಿನ್ನ ಬೆರಳೂ ಕೂಡ್ತಾವಂತ. ಬಿಡೂದಿಲ್ಲಂತ.’’

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಹದಿಮೂರು ವರ್ಷ ಕಾದು, ನಾಲ್ಕು ದಿನ ರೈಲಿನಲ್ಲಿ ಕುಲುಕಿ ಬಂದು, ಕಣ್ಣೆದುರಿನ ಹಿಮಕ್ಕೆ ಕೈ ಮುಗಿದು ಹೊರಡುವುದೇ? ಆಗ ನನ್ನ ಕಣ್ಣು ಗೋಡೆಗೆ ಒರಗಿಸಿದ್ದ ಆ ಹಲಗೆಗಳ ಮೇಲೆ ಬಿತ್ತು. ಹತ್ತಿರ ಹೋಗಿ ಬೆರಳಿನಿಂದ ಬಾರಿಸಿ ನೋಡಿದೆ. ಕಟ್ಟಿಗೆ. ಅಪ್ಪಟ ಕಟ್ಟಿಗೆ! ಸ್ವಾಮಿಗಳು ಮೆಟ್ಟುವ ಹಾವುಗೆ ಕಟ್ಟಿಗೆಯದು. ನಾವು ಮಡಿಯಲ್ಲಿ ಉಣ್ಣಲು ಕೂಡುವ ಮಣೆ ಕಟ್ಟಿಗೆಯದು. ಇಡೀ ಅಂಗಡಿಯಲ್ಲಿ ನನ್ನ ಮಡಿಗೆ ಒಪ್ಪುವ ಒಂದೇ ವಸ್ತು ಈ ಸ್ಕೀ.

‘‘ನನಗ ಇವು ಬೇಕಂತ ಹೇಳ್ರಿ’’ ಎಂದೆ.

ನಮ್ಮವರು ನನ್ನನ್ನು ಮದುವೆಯಾದಾಗಿನಿಂದ ಅಷ್ಟು ಗಾಬರಿಯಾಗಿ ನೋಡಿದ್ದು ಅದೇ ಮೊದಲು. ಒಡತಿಗೋ, ಸ್ಕೀ ಕೇಳಿದವರು ಯಾರಾದರೂ ಗಿರಾಕಿಯೇ. ಕೈ ಮೇಲೆತ್ತಲು ಸನ್ನೆ ಮಾಡಿದಳು. ಎತ್ತಿದ ಕೈಯ ಮಣಿಕಟ್ಟಿಗೆ ಹಲಗೆಯ ತುದಿ ಮುಟ್ಟಿದರೆ ಅದೇ ಅವರ ಅಳತೆಯಂತೆ. ಧಾಬಳಿಯುಟ್ಟು, ಸಾಲೆಯ ಹುಡುಗಿಯ ಹಾಗೆ ಒಂದು ಕೈ ಮೇಲೆ ಮಾಡಿ ನಿಂತೆ. ಸ್ಕೀ ಬಾಡಿಗೆಗೆ ಹಿಡಿಯಲು ಬಂದಿದ್ದ ಕಾಲೇಜಿನ ಹುಡುಗಿಯರಿಬ್ಬರು ನನಗೆ ದಾರಿ ಬಿಟ್ಟು ಸರಿದರು.

ಬೂಟಿಲ್ಲದೆ ಹಲಗೆಯನ್ನು ಎಲ್ಲಿಗೆ ಕಟ್ಟುವುದೆಂಬ ಪ್ರಶ್ನೆ ಆಮೇಲೆ ಬಂತು. ಅದರ ಮೇಲೆ ನಿಲ್ಲುವುದಿಲ್ಲ, ಕೂಡುತ್ತೇನೆ ಎಂದು ನಾನು ಕುಕ್ಕರಿಸಿ ತೋರಿಸಿದಾಗ ಒಡತಿ ಕೋಟುಗಳ ರಾಶಿಯ ಮೇಲೆ ಬಿದ್ದು ನಕ್ಕಳು. ಪಟ್ಟಿನ ಅಂಚಿನಿಂದ ಕಣ್ಣೊರೆಸಿಕೊಂಡು ಗಂಡನಿಗೆ ಏನೋ ಹೇಳಿದಳು. ಅವನು ಎರಡು ಸ್ಕೀಗಳನ್ನು ಜೋಡಿಸಿ, ಅಡ್ಡಕ್ಕೆ ಒಂದು ಸಣ್ಣ ಹಲಗೆ ಬಿಗಿದು, ಹಗ್ಗ ಕಟ್ಟಿದ. ಮೇಲೆ ಹಿಮದಲ್ಲಿ ಬಿದ್ದು ಕಾಲು ಮುರಿದುಕೊಂಡವರನ್ನು ಹೀಗೆಯೇ ಕೆಳಗೆ ತರುತ್ತಾರಂತೆ. ಏನೂ ಮುರಿದುಕೊಳ್ಳದೆ ಮೇಲಕ್ಕೆ ಹೋದವಳು ನಾನೊಬ್ಬಳೇ ಇರಬೇಕು. ಹಿಮದ ಅಂಚಿನವರೆಗೆ ಕಲ್ಲುದಾರಿಯಲ್ಲಿ ಬರಿಗಾಲಿನಲ್ಲಿ ನಡೆದು, ಅಲ್ಲಿ ಆ ಮಣೆಯ ಮೇಲೆ ಕೂತೆ. ಗಂಡ ಹೆಂಡತಿ ಹಗ್ಗ ಎಳೆದರು. ನಮ್ಮವರು ಬಾಡಿಗೆಯ ಬೂಟಿನಲ್ಲಿ ಹೆಜ್ಜೆಗೊಮ್ಮೆ ಜಾರುತ್ತ ಹಿಂದೆ ಬಂದರು.

ಏರಿನ ತಲೆ ಮುಟ್ಟಿದಾಗ ನನ್ನ ಬಾಯಿಯ ಸ್ತೋತ್ರ ನಿಂತುಹೋಯಿತು. ಏನು ಹೇಳಲಿ! ನಾಟಿಯ ಹೊತ್ತಿಗೆ ಹಾನಗಲ್ಲಿನ ಗದ್ದೆಗಳಲ್ಲಿ ನೀರು ನಿಂತು ಆಕಾಶ ಕೆಳಗಿಳಿದಂತೆ ಕಾಣುತ್ತದಲ್ಲ, ನಾನು ಅದನ್ನೇ ದೊಡ್ಡದು ಅಂದುಕೊಂಡಿದ್ದೆ. ಇಲ್ಲಿ ಬದುವಿಲ್ಲ. ಇದು ಇಂಥವರದು ಎನ್ನುವ ಗುರುತಿಲ್ಲ. ಆಗಷ್ಟೇ ಬೀಸಿದ ಜೋಳದ ಹಿಟ್ಟನ್ನು ಯಾರೋ ಸೀಮೆಯಿಂದ ಸೀಮೆಗೆ ಜರಡಿ ಹಿಡಿದಿದ್ದರು. ಜನ ಸ್ಕೀ ಕಟ್ಟಿಕೊಂಡು ಆ ಬಿಳುಪಿನ ಮೇಲಿಂದ ಹಾಯ್ದು ಬರುತ್ತಿದ್ದರು. ಹಿಂದೆ ಎರಡು ಗೆರೆ. ದೇವರ ಮುಂದೆ ಎಳೆಯುವ ರಂಗೋಲಿಯಷ್ಟು ಸಪುರ. ಒಬ್ಬ ಹುಡುಗಿ ಬಿದ್ದು ಉರುಳಿ ನಕ್ಕಳು. ಆ ನಗು ಎಲ್ಲಿಗೋ ಹೋಗಿ, ತಡವಾಗಿ ಮರಳಿ ಬಂತು. ಇಷ್ಟು ಚೆಂದದ್ದು ರಾಘುವಿನ ಬೆರಳು ತಿಂದಿತೇ ಎಂದು ನನಗೆ ನಂಬಿಕೆಯಾಗಲಿಲ್ಲ. ಹದಿಮೂರು ವರ್ಷ ನಾನು ಹೆದರಿದ್ದು ಬೇರೆ ಯಾವುದಕ್ಕೋ.

ಮಣೆಯಿಂದ ಇಳಿದೆ. ಹಿಮ ಕಾಲ ಕೆಳಗೆ ಹಿಟ್ಟಿನ ಚೀಲ ಅದುಮಿದಂತೆ ಕಿರುಗುಟ್ಟಿತು. ಮೊದಲ ನಮಸ್ಕಾರಕ್ಕೆ ಅಂಗಾಲು ಉರಿಯಿತು. ಎರಡನೆಯದಕ್ಕೆ ಹಣೆ ಉರಿಯಿತು. ಮೂರರಲ್ಲಿ ಉರಿ ಕಡಿಮೆಯಾಯಿತು. ದೇವರು ದೊಡ್ಡವನು ಅಂದುಕೊಂಡೆ. ಐದನೆಯದು ಮುಗಿಸಿ ಏಳಲು ಹೋದರೆ ಕಾಲುಗಳೇ ಇರಲಿಲ್ಲ. ಕಣ್ಣಿಗೆ ಕಾಣುತ್ತಿದ್ದವು, ನನ್ನವಾಗಿರಲಿಲ್ಲ. ಹಾಗೇ ಕುಸಿದು ಕೂತೆ. ಬೆರಳು ಹೋಗುವುದು ನೋವಿನಿಂದಲ್ಲ, ಹೀಗೆ ಸದ್ದಿಲ್ಲದೆ ಎಂದು ಆಗ ತಿಳಿಯಿತು.

ಒಡತಿ ಓಡಿ ಬಂದಳು. ನನ್ನೆದುರು ಹಿಮದಲ್ಲೇ ಕೂತು, ಪಟ್ಟಿನ ಪಿನ್ನು ಕಿತ್ತು, ನನ್ನ ಎರಡೂ ಪಾದ ಎತ್ತಿ ತನ್ನ ಬರಿಹೊಟ್ಟೆಗೆ ಒತ್ತಿಕೊಂಡು ಮೇಲೆ ಉಣ್ಣೆ ಮುಚ್ಚಿದಳು. ನಮ್ಮವರು ಮುಖ ತಿರುಗಿಸಿ ನಿಂತರು.

‘‘ಬ್ಯಾಡ್ರಿ! ಮಡಿ! ಕಾಲು ಹಚ್ಚಬಾರ್ದ್ರೀ!’’ ಎಂದು ಕೂಗಿದೆ. ಆಕೆಗೆ ಕನ್ನಡ ಬಾರದಿದ್ದುದು ದೇವರ ದೊಡ್ಡ ದಯೆ. ಮಡಿಯ ಮಾತು ಹಾಗಿರಲಿ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ನಾನು ಒಬ್ಬ ತಾಯಿಯ ಹೊಟ್ಟೆಯ ಮೇಲೆ ಕಾಲಿಟ್ಟು ಕೂತಿದ್ದೆ. ಆಕೆಯ ಹಲ್ಲು ಕಟಕಟ ಕಡಿಯುತ್ತಿದ್ದವು. ಆದರೂ ಬಿಡಲಿಲ್ಲ. ಎಷ್ಟೋ ಹೊತ್ತಿಗೆ ಚೇಳು ಕುಟುಕಿದ ಹಾಗೆ ಬೆರಳುಗಳು ಒಂದೊಂದಾಗಿ ನನಗೆ ಮರಳಿ ಸಿಕ್ಕವು. ಎಣಿಸಿದೆ. ಹತ್ತು. ನಾನು ಅತ್ತೆ. ಆಕೆ ನಕ್ಕಳು.

ಆಮೇಲೆ ಕೋಟು, ಕಾಲುಚೀಲ, ತೊಗಲಿನ ಬೂಟು, ಎಲ್ಲವನ್ನೂ ಆಕೆಯೇ ತೊಡಿಸಿದಳು. ನಾನು ಕೂಸಿನಂತೆ ಕಾಲು ಚಾಚಿದೆ. ಸ್ಕೀಯ ಮೇಲೆ ಕೂರಿಸಿ ಇಳಿಜಾರಿಗೆ ಬಿಟ್ಟಾಗ ಗಾಳಿ ಕಿವಿಯಲ್ಲಿ ಸುಯ್ಯೆಂದಿತು. ‘‘ಹೋ’’ ಎಂದು ಒಂದು ಕೂಗು ಕೇಳಿತು, ನನ್ನದೇ. ನಮ್ಮವರು ಮಡಿಯ ಸುದ್ದಿ ಎತ್ತಲಿಲ್ಲ. ಬೂಟು ಅಂಗಡಿಗೆ ತಿರುಗಿ ಕೊಟ್ಟು ಬಸ್ಸು ಹತ್ತಿದ ಮೇಲೆ ನನ್ನ ಬರಿಗಾಲುಗಳ ಮೇಲೆ ತಮ್ಮ ಶಾಲು ಹಾಕಿದರು.

ಊರು ಸೇರಿದ ಮರುದಿನವೇ ಶಿಗ್ಗಾಂವಿಗೆ ಹೋದೆ. ರಾಘು ಅಂಚೆ ಕಚೇರಿಯಿಂದ ಬಂದು ಕಾಲು ತೊಳೆಯುತ್ತಿದ್ದ.

‘‘ರಾಘೂ, ಅವತ್ತು ನಿನ್ನ ಕಾಲು ಯಾರ ಹೊಟ್ಟೀ ಮ್ಯಾಲಿದ್ದವು?’’

ಅವನ ಕೈಯ ತಂಬಿಗೆ ಅಲ್ಲೇ ನಿಂತಿತು. ‘‘ನಿನಗ ಯಾರು ಹೇಳಿದ್ರು?’’

‘‘ಯಾರೂ ಹೇಳಿಲ್ಲ. ಹೇಳಿದ್ರ ಇಷ್ಟು ವರ್ಷ ಯಾಕ ಸುಮ್ಮನಿರ್ತಿದ್ದೆ?’’

‘‘ಅಡಗೀ ಮಾಡೋ ಮುದುಕ, ಅಕ್ಕಾ. ರಾತ್ರಿಯೆಲ್ಲಾ ಹಿಡಕೊಂಡು ಕೂತಿದ್ದ. ಮುಂಜಾನೆ ಅಂವಗ ಜ್ವರ. ನಿನಗ ಪತ್ರದಾಗ ಬರದಿದ್ರ ಶುದ್ಧಿ ಮಾಡಿಸಿಕೋ ಅಂತಿದ್ದಿ.’’

ನಾನಿರಲಾರದೆ ‘‘ಹಂಗ ಅಂತಿದ್ದೆನೇನೋ?’’ ಎಂದೆ. ರಾಘು ಬಗ್ಗಿ ಇನ್ನೊಂದು ಕಾಲು ತೊಳೆಯತೊಡಗಿದ, ಒಳ್ಳೆಯ ತಮ್ಮ. ಅಂತಿದ್ದೆ. ಖಂಡಿತ ಅಂತಿದ್ದೆ.

‘‘ಹೆಸರೇನು ಆ ಪುಣ್ಯಾತ್ಮಂದು?’’

‘‘ಎಲ್ಲಾರೂ ಚಾಚಾ ಅಂತಿದ್ವಿ. ಹೆಸರು ಕೇಳಲೇ ಇಲ್ಲ.’’

ಅವನನ್ನು ಬೈಯುವ ಹಾಗಿರಲಿಲ್ಲ. ಸ್ಕೀ ಅಂಗಡಿಯಾಕೆಯ ಹೆಸರು ನಾನೇ ಕೇಳಿರಲಿಲ್ಲ.

ಹರಕೆ ತೀರಿದ್ದಕ್ಕೆ ಹಾನಗಲ್ಲಿನ ಮಠದಲ್ಲಿ ಅರ್ಚನೆ ಮಾಡಿಸಲು ಹೋದೆ. ಆಚಾರ್ಯರು ಹೂವು ಹಿಡಿದು ಗೋತ್ರ ಕೇಳಿದರು. ಗೋತ್ರ ತಿಳಿಯದವರಿಗೆ ಕಾಶ್ಯಪ ಎನ್ನಬೇಕೆಂದು ನಮ್ಮ ಹಿರಿಯರು ದೊಡ್ಡ ಮನಸ್ಸಿನಿಂದ ಹೇಳಿಟ್ಟಿದ್ದಾರೆ. ‘‘ಕಾಶ್ಯಪ’’ ಎಂದೆ.

‘‘ಹೆಸರು?’’

‘‘ಚಾಚಾ.’’

ಆಚಾರ್ಯರು ಕನ್ನಡಕದ ಮೇಲಿನಿಂದ ನೋಡಿದರು. ‘‘ಯಾರ ಪೈಕಿರೀ ಇವರು?’’

‘‘ನಮ್ಮ ಪೈಕೀನರೀ, ಆಚಾರ್ರ. ಇನ್ನೊಬ್ಬಾಕಿನೂ ಇದ್ದಾಳ. ಆಕೀದೂ ಕಾಶ್ಯಪ ಗೋತ್ರನ.’’

ಅವರು ಗಂಟಲು ಸರಿಮಾಡಿಕೊಂಡು, ಕಾಶ್ಯಪ ಗೋತ್ರೋದ್ಭವಸ್ಯ ಚಾಚಾ ನಾಮಧೇಯಸ್ಯ ಎಂದು ಗಟ್ಟಿಯಾಗಿ ಹೇಳಿ ಹೂವು ಏರಿಸಿದರು. ಸಂಸ್ಕೃತದ ನಡುವೆ ಆ ಹೆಸರು ಎಷ್ಟು ಚೆನ್ನಾಗಿ ಕೂತಿತೆಂದರೆ, ಪಕ್ಕದಲ್ಲಿ ನಿಂತಿದ್ದ ಯಾರೂ ತಿರುಗಿ ನೋಡಲಿಲ್ಲ.